ಓದಿದ್ದು ತಿಳಿಯಬೇಕಾದರೆ

ಓದಿನಲ್ಲಿ ಎರಡು ಕೆಲಸಗಳಿವೆ. ಬರೆದದ್ದನ್ನು ಬಾಯಲ್ಲಿ ನುಡಿಯುವುದು ಒಂದು, ಅದು ಏನು ಹೇಳುತ್ತಿದೆ ಎಂದು ತಿಳಿಯುವುದು ಇನ್ನೊಂದು. ಮಿರಜ–ಬೆಳಗಾವಿ ರೈಲು ದಾರಿಯಲ್ಲಿ ಶೇಡಬಾಳ ದಾಟಿ ಕುಡಚಿ ಬರುವ ಮುನ್ನ ಉಗಾರ ಖುರ್ದ ನಿಲ್ದಾಣ ಸಿಗುತ್ತದೆ. ಅಲ್ಲಿಯ ಫಲಕವನ್ನು ಮೂರನೆಯ ತರಗತಿಯ ಮಗು ಓದುತ್ತದೆ. ಅರ್ಕಾವತ್ತು ಇರುವ ‘ಖುರ್ದ’ದಲ್ಲಿ ಒಂದು ಕ್ಷಣ ತಡೆದರೂ ಓದಿ ಮುಗಿಸುತ್ತದೆ. ಖುರ್ದ ಎಂದರೇನು ಎಂದು ಕೇಳಿದರೆ ಮಗುವಷ್ಟೇ ಅಲ್ಲ, ಜೊತೆಗಿರುವ ದೊಡ್ಡವರೂ ಸುಮ್ಮನಾಗುವುದುಂಟು. ಅದು ಪಾರ್ಸಿಯ ಮಾತು, ಚಿಕ್ಕದು ಎಂದು ಅರ್ಥ. ನೆರೆಯ ಉಗಾರ ಬುದ್ರುಕದಲ್ಲಿರುವ ‘ಬುದ್ರುಕ’ ಅದೇ ನುಡಿಯ ‘ಬುಜುರ್ಗ್’ನಿಂದ ಬಂದದ್ದು, ದೊಡ್ಡದು ಎಂದು ಅರ್ಥ. ಇಷ್ಟು ತಿಳಿದ ಮೇಲೆ ಅದೇ ಫಲಕ ಮಗುವಿಗೆ ಬೇರೆಯಾಗಿ ಕಾಣುತ್ತದೆ. ಹೆಸರಿಟ್ಟ ಕಾಲಕ್ಕೆ ಯಾವ ಊರು ಚಿಕ್ಕದಿತ್ತು, ಈಗಲೂ ಹಾಗೇ ಇದೆಯೇ, ಈ ಸೀಮೆಯಲ್ಲಿ ಇಂಥ ಜೋಡಿ ಊರುಗಳು ಇನ್ನೆಷ್ಟಿವೆ ಎಂಬ ಪ್ರಶ್ನೆಗಳು ಮಗುವಿನ ಬಾಯಿಂದಲೇ ಬರುತ್ತವೆ. ಓದಿನ ಎರಡನೆಯ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಮೊದಲ ಕೆಲಸವನ್ನು ಶಾಲೆಗಳು ಬಹಳ ಶ್ರಮಪಟ್ಟು ಕಲಿಸುತ್ತವೆ. ಎರಡನೆಯದು ಅದರ ಹಿಂದೆ ತಾನಾಗಿ ಬರುತ್ತದೆ ಎಂದು ನಂಬಿಕೊಂಡು ಬಿಟ್ಟುಬಿಡುತ್ತವೆ. ಈ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಹೊರಗೂ ಇದೆ. ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ 1978–79ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನಾಲ್ಕನೆಯ ತರಗತಿಗಳ ಓದಿನ ಪಾಠಗಳನ್ನು ಒಟ್ಟು 4,469 ನಿಮಿಷ ಕುಳಿತು ನೋಡಿದರು. ಅಷ್ಟರಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆಂದು ಶಿಕ್ಷಕರು ಕಲಿಸಿದ್ದು 20 ನಿಮಿಷ ಮಾತ್ರ. ಉಳಿದ ಹೊತ್ತಿನ ದೊಡ್ಡ ಪಾಲು ಪ್ರಶ್ನೆ ಕೇಳುವುದಕ್ಕೆ, ಅಭ್ಯಾಸ ಬರೆಸುವುದಕ್ಕೆ, ತಿದ್ದುವುದಕ್ಕೆ ಹೋಗಿತ್ತು. ತಿಳಿಯಿತೇ ಎಂಬ ಪರೀಕ್ಷೆ ನಡೆಯುತ್ತಿತ್ತು, ತಿಳಿಯುವ ದಾರಿಯನ್ನು ಯಾರೂ ತೋರಿಸುತ್ತಿರಲಿಲ್ಲ. ನಮ್ಮಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯ ಕನ್ನಡ ಶಾಲೆಗಳಲ್ಲೂ ಮಹಾರಾಷ್ಟ್ರದ ವಾಡಾದ ಮರಾಠಿ ಶಾಲೆಗಳಲ್ಲೂ ಮೂರು ವರ್ಷ ಮಕ್ಕಳ ಓದು ಬೆಳೆಯುವ ಬಗೆಯನ್ನು ಗಮನಿಸಿದರು. ಅದರ ವರದಿ 2017ರಲ್ಲಿ ಹೊರಬಂತು. ಪಾಠದ ಗಮನವೆಲ್ಲ ಅಕ್ಷರದ ಮೇಲಿದೆ, ಅರ್ಥದ ಸರದಿ ಹಿಂದೆ ಬೀಳುತ್ತಿದೆ ಎಂಬುದು ಅಲ್ಲಿಯೂ ಕಂಡಿತು. ಕನ್ನಡ ಮರಾಠಿ ಎರಡೂ ಮಾತು ನಡೆಯುವ ಕಾಗವಾಡ, ಅಥಣಿ, ನಿಪ್ಪಾಣಿ ಸೀಮೆಗೆ ಈ ಅಧ್ಯಯನ ಎರಡು ಕಡೆಯಿಂದಲೂ ಅನ್ವಯಿಸುತ್ತದೆ.

ಪ್ರಶ್ನೋತ್ತರ ಬರೆಸಿದರೆ ಅರ್ಥ ಕಲಿಸಿದಂತಾಯಿತು ಎಂಬ ಭ್ರಮೆಯನ್ನು ಒಂದು ಸಣ್ಣ ಪ್ರಯೋಗದಿಂದ ಕಳೆಯಬಹುದು. ‘ತಿಮುಗನು ಲಟುಗಿಯನ್ನು ಬಿಮ್ಮಿದನು’ ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದು, ತಿಮುಗನು ಏನನ್ನು ಬಿಮ್ಮಿದನು ಎಂದು ಕೇಳಿದರೆ ಇಡೀ ತರಗತಿ ಲಟುಗಿಯನ್ನು ಎಂದು ಸರಿಯಾಗಿಯೇ ಉತ್ತರಿಸುತ್ತದೆ. ಆ ವಾಕ್ಯದ ಮೂರು ಮಾತುಗಳಿಗೂ ಅರ್ಥವೇ ಇಲ್ಲ. ಪ್ರಶ್ನೆಯಲ್ಲಿರುವ ಮಾತನ್ನು ಪಾಠದಲ್ಲಿ ಹುಡುಕಿ, ಅದರ ಆಚೀಚೆ ಇರುವುದನ್ನು ಎತ್ತಿ ಬರೆಯುವ ಈ ಕೈಚಳಕವನ್ನು ಮಕ್ಕಳು ಬೇಗ ಕಲಿಯುತ್ತಾರೆ. ವಹಿ ತುಂಬುತ್ತದೆ, ಅಂಕವೂ ಬೀಳುತ್ತದೆ. ಐದನೆಯ ತರಗತಿಯವರೆಗೂ ಹೀಗೆ ನಡೆದುಹೋಗುತ್ತದೆ. ಸ್ವಂತ ಮಾತಿನಲ್ಲಿ ಬರೆಯಬೇಕಾದ ದಿನ ಬಂದಾಗ ಮಗು ಕೈಚೆಲ್ಲುತ್ತದೆ.

ಓದಿನ ಅರ್ಥ ಎರಡು ಶಕ್ತಿಗಳ ಗುಣಲಬ್ಧ ಎಂದು ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಹೇಳಿದರು. ಅಕ್ಷರವನ್ನು ಮಾತಾಗಿ ಬಿಡಿಸುವ ಶಕ್ತಿ ಒಂದು, ಕೇಳಿದ ಮಾತನ್ನು ತಿಳಿಯುವ ಶಕ್ತಿ ಇನ್ನೊಂದು. ಗುಣಾಕಾರವಾದ್ದರಿಂದ ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ. ನೆರೆಮನೆಯ ಜಗಳವನ್ನು ಒಂದೂ ಬಿಡದೆ ಬಂದು ಹೇಳುವ ಮಗುವಿಗೆ ಅಕ್ಷರ ಕೂಡದಿದ್ದರೆ ಓದು ಬಾರದು. ಪಾಠವನ್ನು ಗಡಗಡ ಓದುವ ಮಗುವಿಗೆ ಅದರ ಭಾಷೆ ತನ್ನದಲ್ಲದಿದ್ದರೆ ಓದು ಬಂದೂ ಬಾರದಂತೆ. ಶಿಕ್ಷಕರು ಮೊದಲು ಗುರುತಿಸಬೇಕಾದದ್ದು ಯಾವ ಮಗುವಿಗೆ ಯಾವ ಕಡೆ ಕೊರತೆ ಎಂಬುದನ್ನು. ಅದಕ್ಕೆ ಸರಳ ಉಪಾಯವಿದೆ. ಮಗು ಓದಿ ತಿಳಿಯದ ಗದ್ಯಭಾಗವನ್ನು ಶಿಕ್ಷಕರೇ ಓದಿ ಹೇಳಬೇಕು. ಕೇಳಿದಾಗ ತಿಳಿದರೆ ತೊಡಕು ಅಕ್ಷರದಲ್ಲಿದೆ. ಕೇಳಿದಾಗಲೂ ತಿಳಿಯದಿದ್ದರೆ ಕಾಗುಣಿತವನ್ನು ಎಷ್ಟು ತಿದ್ದಿಸಿದರೂ ಪ್ರಯೋಜನವಿಲ್ಲ.

ಕನ್ನಡದ ಮಟ್ಟಿಗೆ ಅಕ್ಷರದ ದಾರಿಯೂ ದೂರದ್ದೇ. ಇಂಗ್ಲಿಷಿನ 26ರಂತೆ ಇಲ್ಲಿ ಕೆಲವು ತಿಂಗಳಲ್ಲಿ ಮುಗಿಯುವುದಿಲ್ಲ. ವರ್ಣಮಾಲೆಯ 49 ಅಕ್ಷರಗಳ ಮೇಲೆ ಕಾಗುಣಿತದ 400ಕ್ಕೂ ಹೆಚ್ಚು ರೂಪಗಳು, ಅವುಗಳ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರ ತಮ್ಮ ಪ್ರಬಂಧದಲ್ಲಿ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ತೋರಿಸಿದ್ದಾರೆ. ಅಕ್ಷರವೆಲ್ಲ ಮುಗಿಯಲಿ, ಆಮೇಲೆ ಅರ್ಥ ಎಂದು ಕಾದರೆ ಪ್ರಾಥಮಿಕ ಶಾಲೆಯ ಮುಖ್ಯ ವರ್ಷಗಳು ಕಾಯುವುದರಲ್ಲೇ ಕಳೆಯುತ್ತವೆ. ಆದ್ದರಿಂದ ಒಂದನೆಯ ತರಗತಿಯಿಂದಲೇ ಎರಡನ್ನೂ ಜೊತೆಗೆ ನಡೆಸಬೇಕು. ಮಗುವಿನ ಕೈಯಲ್ಲಿ ‘ಸರ’, ‘ಗರಗಸ’ದ ಚೀಟಿ ಇರುವ ಹೊತ್ತಿನಲ್ಲೇ ಕಿವಿಗೆ ಒಳ್ಳೆಯ ಕಥೆ ಬೀಳುತ್ತಿರಬೇಕು. ಶಿಕ್ಷಕರು ದಿನಕ್ಕೆ ಹತ್ತು ನಿಮಿಷ ಕಥೆ ಓದಿ ಹೇಳಿ, ನಡುವೆ ಎರಡು ಕಡೆ ನಿಲ್ಲಿಸಿ ಮುಂದೇನಾದೀತು ಎಂದು ಕೇಳಿದರೆ ಅಕ್ಷರ ಬಾರದ ಮಗುವಿಗೂ ಅರ್ಥದ ಅಭ್ಯಾಸ ಆಗುತ್ತದೆ. ಇದಕ್ಕೆ ಖರ್ಚಿಲ್ಲ. ಇಷ್ಟಾದರೂ ಶಾಲೆಯ ವೇಳಾಪಟ್ಟಿಯಲ್ಲಿ ಮೊದಲು ಕಳಚಿ ಬೀಳುವ ಹತ್ತು ನಿಮಿಷ ಇದೇ ಎಂಬುದು ಬೇಸರದ ಸಂಗತಿ.

ಇನ್ನು ಮಾತಿನ ಅಂತರ. ಪಠ್ಯಪುಸ್ತಕದ ಕನ್ನಡ ಉಗಾರದ ಓಣಿಯ ಕನ್ನಡವಲ್ಲ. ಪುಸ್ತಕದಲ್ಲಿ ಈರುಳ್ಳಿ, ಮನೆಯಲ್ಲಿ ಉಳ್ಳಾಗಡ್ಡಿ. ಅಲ್ಲಿ ಕಡಲೆಕಾಯಿ, ಇಲ್ಲಿ ಶೇಂಗಾ. ಅಲ್ಲಿ ಸೀಬೆಹಣ್ಣು, ಇಲ್ಲಿ ಪೇರಲ. ಅಲ್ಲಿ ಬಟ್ಟೆ, ಇಲ್ಲಿ ಅರಿವಿ. ಅಲ್ಲಿ ಎತ್ತಿನ ಗಾಡಿ, ಇಲ್ಲಿ ಚಕ್ಕಡಿ. ಆಲೆಮನೆಯ ಪಾಠ ಓದಿ ಅದು ಯಾರ ಮನೆಯೋ ಎಂದುಕೊಳ್ಳುವ ಮಗುವಿನ ಹೊಲದ ಬದುವಿನಲ್ಲೇ ಬೆಲ್ಲದ ಗಾಣ ನಡೆಯುತ್ತಿರಬಹುದು. ವಸ್ತು ಗೊತ್ತಿದೆ, ಅದರ ಅನುಭವವಿದೆ, ಪುಸ್ತಕದ ಹೆಸರೊಂದು ಗೊತ್ತಿಲ್ಲ. ಕ್ರಿಯಾಪದವೂ ಹಾಗೆಯೇ. ‘ಮಾಡಾಕತ್ಯಾನ’ ಎನ್ನುವ ಮಗು ‘ಮಾಡುತ್ತಿದ್ದಾನೆ’ ಎಂಬುದನ್ನು ಒಳಗೊಳಗೇ ತನ್ನ ಮಾತಿಗೆ ತಿರುಗಿಸಿಕೊಳ್ಳಬೇಕು. ಇಲ್ಲಿ ಮನೆಮಾತನ್ನು ತಪ್ಪು ಎಂದು ತಿದ್ದುವುದಕ್ಕಿಂತ ದೊಡ್ಡ ತಪ್ಪಿಲ್ಲ. ಹಾಗೆ ತಿದ್ದಿದ ದಿನದಿಂದ ಮಗು ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿಗೆ ಎಷ್ಟು ತಿಳಿದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೋಡೆಯ ಮೇಲೆ ಎರಡು ಸಾಲಿನ ಪಟ್ಟಿ ಬೆಳೆಸುವುದು ಒಳ್ಳೆಯ ದಾರಿ, ಒಂದು ಕಡೆ ಪುಸ್ತಕದ ಮಾತು, ಇನ್ನೊಂದು ಕಡೆ ಮನೆಯ ಮಾತು. ಪಟ್ಟಿಯನ್ನು ಮಕ್ಕಳೇ ತುಂಬಬೇಕು. ಇಲ್ಲಿಯ ಆಡುಮಾತು ಪುಸ್ತಕಕ್ಕೆ ಹೊರಗಿನದು ಎಂದು ಹೇಳಲೂ ಬರುವುದಿಲ್ಲ. ಪಕ್ಕದ ಶೇಡಬಾಳದ ಮಿರ್ಜಿ ಅಣ್ಣಾರಾಯರು ವೃತ್ತಿಯಿಂದ ಶಿಕ್ಷಕರಾಗಿದ್ದರು. ಈ ಭಾಗದ ಹಳ್ಳಿಯ ಬದುಕನ್ನು ‘ನಿಸರ್ಗ’ದಂಥ ಕಾದಂಬರಿಗೆ ತಂದವರು ಅವರೇ.

ಮಾತು ತಿಳಿದರೂ ವಾಕ್ಯ ತೊಡರಬಹುದು. ಕನ್ನಡದಲ್ಲಿ ಕ್ರಿಯೆ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲೇ ಸಾಲುಗಟ್ಟುತ್ತವೆ. ‘ಅಪ್ಪ ಸಂತೆಯಿಂದ ತಂದ ಬುಟ್ಟಿಯಲ್ಲಿದ್ದ ಪೇರಲ ಹಣ್ಣನ್ನು ತಿಂದ ಮಂಗ ಮರವೇರಿತು’ ಎಂಬ ವಾಕ್ಯ ದೊಡ್ಡವರಿಗೆ ತೊಡಕೇ ಅಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗು ‘ಮರವೇರಿತು’ ತಲುಪುವಾಗ ಅಪ್ಪ ಎಲ್ಲೋ ಉಳಿದಿರುತ್ತಾನೆ. ಹಣ್ಣು ತಿಂದವರು ಯಾರು ಎಂದರೆ ಅಪ್ಪ ಎಂದು ಬಿಡುತ್ತದೆ. ಇಂಥ ವಾಕ್ಯವನ್ನು ಒಡೆದು ತೋರಿಸಬೇಕು. ಅಪ್ಪ ಸಂತೆಯಿಂದ ಬುಟ್ಟಿ ತಂದ. ಬುಟ್ಟಿಯಲ್ಲಿ ಪೇರಲ ಹಣ್ಣಿತ್ತು. ಮಂಗ ಹಣ್ಣು ತಿಂದಿತು. ಮಂಗ ಮರವೇರಿತು. ಒಡೆದ ಮೇಲೆ ಮತ್ತೆ ಮಕ್ಕಳಿಂದಲೇ ಕೂಡಿಸಬೇಕು. ಸಂಧಿ ಸಮಾಸದ ಉದ್ದ ಪದಗಳಿಗೂ ಇದೇ ಉಪಾಯ ಸಾಕು. ಕನ್ನಡದ ಇನ್ನೊಂದು ಗುಣವೆಂದರೆ ಕರ್ತೃವನ್ನು ಬಿಟ್ಟು ಬರೆಯುವುದು. ‘ಬಂದಳು’, ‘ನಿಂತಿತು’ ಎಂದಷ್ಟೇ ಇರುತ್ತದೆ, ಯಾರು ಎಂಬುದನ್ನು ಕ್ರಿಯಾಪದದ ತುದಿಯಿಂದ ಹಿಂದಕ್ಕೆ ಹುಡುಕಬೇಕು. ಪ್ರತಿ ವಾಕ್ಯದ ಮುಂದೆ ಯಾರು ಎಂದು ಪೆನ್ಸಿಲಿನಲ್ಲಿ ಬರೆಸುವ ಅಭ್ಯಾಸ ಮೂರನೆಯ ತರಗತಿಗೆ ಬಹಳ ಹಿಡಿಸುತ್ತದೆ.

ಗಡಿಯ ಮಕ್ಕಳಲ್ಲಿ ಮನೆಯಲ್ಲಿ ಮರಾಠಿ ಆಡಿ ಕನ್ನಡ ಶಾಲೆಗೆ ಬರುವವರಿದ್ದಾರೆ, ಮರಾಠಿ ಇಲ್ಲವೇ ಉರ್ದು ಮಾಧ್ಯಮದಲ್ಲಿ ಓದಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವವರೂ ಇದ್ದಾರೆ. ಮರಾಠಿ ಬಲ್ಲ ಮಗುವಿಗೆ ವರ್ಗಾಕ್ಷರಗಳ ಸಾಲು ಮೊದಲೇ ಗೊತ್ತು, ಕ ಖ ಗ ಘ ಎರಡರಲ್ಲೂ ಒಂದೇ ಕ್ರಮ. ಹೊಸದೆಂದರೆ ‘ಎ’ಗೂ ‘ಏ’ಗೂ, ‘ಒ’ಗೂ ‘ಓ’ಗೂ ಇರುವ ಹ್ರಸ್ವ ದೀರ್ಘದ ಭೇದ. ಮರಾಠಿ ಲಿಪಿಯಲ್ಲಿ ಅದಿಲ್ಲವಾದ್ದರಿಂದ ಕೆರೆ, ಕೇರಿ ಎಂಬ ಮಾತುಗಳಲ್ಲಿ ಮಗು ಎಡವುತ್ತದೆ. ಅರ್ಥದ ಕಡೆ ಒಂದು ಸೂಕ್ಷ್ಮವಿದೆ. ಕಾದಂಬರಿ, ಶಿಕ್ಷಣ ಮುಂತಾದ ಎಷ್ಟೋ ಪದಗಳು ಎರಡು ನುಡಿಯಲ್ಲೂ ಒಂದೇ ಅರ್ಥ ಕೊಡುತ್ತವೆ. ಕೆಲವು ದಾರಿ ತಪ್ಪಿಸುತ್ತವೆ. ಮರಾಠಿಯಲ್ಲಿ ‘ಅವಕಾಶ’ವಿದೆ ಎಂದರೆ ಇನ್ನೂ ಹೊತ್ತಿದೆ ಎಂದರ್ಥ, ಕನ್ನಡದಲ್ಲಿ ಒಂದು ಕೆಲಸಕ್ಕೆ ಒದಗಿದ ಎಡೆ. ‘ಅನುಮಾನ’ ಮರಾಠಿಯಲ್ಲಿ ತರ್ಕದಿಂದ ಕಟ್ಟಿದ ಊಹೆ, ಆಡುವ ಕನ್ನಡದಲ್ಲಿ ಸಂಶಯ. ಇವನ್ನು ತರಗತಿಯಲ್ಲಿ ಎತ್ತಿಕೊಂಡು ಮಾತಾಡಿದರೆ ಎರಡು ಭಾಷೆಯ ಮಗುವಿಗೆ ತನ್ನ ಎರಡನೆಯ ಮಾತು ಹೊರೆಯಾಗುವುದಿಲ್ಲ. ಪಾಠವನ್ನು ಕನ್ನಡದಲ್ಲಿ ಓದಿ ಅರ್ಥವನ್ನು ಮೊದಲು ಮನೆಮಾತಿನಲ್ಲಿ ಹೇಳಲು ಬಿಡುವುದರಿಂದ ಕನ್ನಡಕ್ಕೆ ಯಾವ ನಷ್ಟವೂ ಇಲ್ಲ. ಏನು ತಿಳಿಯಿತು ಎಂಬುದು ಮುಂದೆ ಬಂದ ಮೇಲೆ ಅದನ್ನು ಕನ್ನಡದಲ್ಲಿ ಹೇಳಿಸುವುದು ಎರಡನೆಯ ಹೆಜ್ಜೆ.

ಈಗ ಕಲಿಸುವ ಬಗೆಗೆ ಬರಬಹುದು. ಮೂರು ನಾಲ್ಕನೆಯ ತರಗತಿಗೆ ಹೊಂದುವ ಒಂದು ಪುಟ್ಟ ಗದ್ಯಭಾಗ ಹೀಗಿರಲಿ: ‘ನಸುಕಿನಲ್ಲೇ ಭೋಂಗಾ ಕೂಗಿತು. ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು ನಿಂತಿದ್ದವು. ಅಜ್ಜಿ ಕಿಟಕಿ ಮುಚ್ಚಿದಳು. ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ಅವ್ವ ಒಳಗೆ ತಂದಳು. ತಮ್ಮ ಮಾತ್ರ ಕುಣಿಯುತ್ತ ಶಾಲೆಗೆ ಹೊರಟ. ಇನ್ನು ನಾಲ್ಕೈದು ತಿಂಗಳು ದಾರಿಯಲ್ಲಿ ತಿನ್ನಲು ಅವನು ಏನೂ ಕೊಳ್ಳಬೇಕಿಲ್ಲ.’ ಭೋಂಗಾ ಎಂದರೆ ಸೈರನ್. ಇದರಲ್ಲಿ ಕಬ್ಬು ಎಂಬ ಮಾತಿಲ್ಲ, ಕಾರ್ಖಾನೆ ಎಂಬ ಮಾತೂ ಇಲ್ಲ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಉಗಾರದ ಮಗುವಿಗೆ ಅರ್ಥ ಥಟ್ಟನೆ ಹೊಳೆಯುತ್ತದೆ. ಹೊಳೆದದ್ದು ಹೇಗೆ ಎಂದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ. ಅದನ್ನು ಗೊತ್ತುಮಾಡಿಸುವುದೇ ಪಾಠ.

ಶಿಕ್ಷಕರು ಇದನ್ನು ತಾವೇ ಓದುತ್ತ, ತಮ್ಮ ತಲೆಯಲ್ಲಿ ನಡೆಯುವುದನ್ನು ಬಾಯಿಬಿಟ್ಟು ಹೇಳಬೇಕು. ಅಕ್ಕೋರು ಹೀಗೆ ಹೇಳಬಹುದು: ‘ಅವ್ವ ಅರಿವಿ ಒಳಗ ತಂದ್ಲು ಅಂತ ಐತಿ. ಯಾಕ ತಂದಿರಬೇಕು? ಮಳಿ ಬಂತೇನೋ ಅಂತ ನನಗ ಮೊದಲ ಅನಿಸ್ತು. ಆದರ ಮಳಿ ಅಂತ ಎಲ್ಲೂ ಬರದಿಲ್ಲ. ಹಿಂದ ಹೋಗಿ ನೋಡೂಣು. ಭೋಂಗಾ ಕೂಗೇತಿ, ಟ್ರ್ಯಾಕ್ಟರ್ ಸಾಲ ನಿಂತಾವ. ಹಂಗಾರ ಕಾರ್ಖಾನಿ ಚಾಲೂ ಆಗೇತಿ. ಚಿಮಣಿ ಬೂದಿ ಬಿದ್ರ ಅರಿವಿ ಕರ್ರಗ ಆಗತಾವ, ಅದಕ್ಕ ತಂದಾಳ.’ ಈ ನಾಲ್ಕು ಮಾತಿನಲ್ಲಿ ಮಗು ಕಂಡದ್ದು ಬಹಳ. ಓದುವವರಿಗೆ ಮೊದಲ ಊಹೆ ತಪ್ಪಬಹುದು, ತಪ್ಪಿದರೆ ಹಿಂದಕ್ಕೆ ಹೋಗಬಹುದು, ಬರೆದದ್ದರ ಜೊತೆ ತನಗೆ ಗೊತ್ತಿದ್ದದ್ದನ್ನು ಕೂಡಿಸಬೇಕು, ಕೂಡಿಸಿದ್ದು ಪಾಠಕ್ಕೆ ಒಪ್ಪುತ್ತದೆಯೇ ಎಂದು ನೋಡಬೇಕು. ಒಳ್ಳೆಯ ಓದುಗರ ಮನಸ್ಸಿನಲ್ಲಿ ಇದೆಲ್ಲ ಸದ್ದಿಲ್ಲದೆ ನಡೆಯುವುದರಿಂದ ಮಗುವಿಗೆ ಅದು ಕಾಣುವುದೇ ಇಲ್ಲ. ರೊಟ್ಟಿ ಬಡಿಯುವುದನ್ನು ಅವ್ವನ ಪಕ್ಕ ಕುಳಿತು ನೋಡಿ ಕಲಿಯಬಹುದು, ಅರ್ಥ ಮಾಡಿಕೊಳ್ಳುವುದನ್ನು ಹಾಗೆ ನೋಡಲು ಬರುವುದಿಲ್ಲ. ಆದ್ದರಿಂದ ಹೇಳಿಯೇ ತೋರಿಸಬೇಕು. ಮೊದಲ ವಾರ ಶಿಕ್ಷಕರು ಹೇಳಿ ತೋರಿಸಲಿ, ಮುಂದಿನ ವಾರ ಜೊತೆಯಾಗಿ ಹೇಳಲಿ, ಆಮೇಲೆ ಮಕ್ಕಳು ಇಬ್ಬಿಬ್ಬರಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ.

ಪ್ರಶ್ನೆಗಳ ಜಾಗ ಇದಾದ ಮೇಲೆ. 2001ರಿಂದ ಐದು ವರ್ಷಕ್ಕೊಮ್ಮೆ ಅನೇಕ ದೇಶಗಳ ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ಅಳೆಯುವ ‘ಪರ್ಲ್ಸ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ನೋಡುತ್ತದೆ. ಹೇಳಿದ್ದನ್ನು ಹುಡುಕುವುದು, ಹೇಳದಿದ್ದದ್ದನ್ನು ಸರಳವಾಗಿ ಊಹಿಸುವುದು, ಚದುರಿದ್ದನ್ನು ಕೂಡಿಸಿ ಅರ್ಥೈಸುವುದು, ಓದಿದ್ದನ್ನು ತೂಗಿ ನೋಡುವುದು. ಮೇಲಿನ ಗದ್ಯಭಾಗದಲ್ಲಿ ಕಿಟಕಿ ಮುಚ್ಚಿದವರು ಯಾರು ಎಂಬುದು ಮೊದಲ ಬಗೆಯ ಪ್ರಶ್ನೆ. ಬಟ್ಟೆ ಒಳಗೆ ತಂದದ್ದು ಏಕೆ ಎಂಬುದು ಎರಡನೆಯದು. ವರ್ಷದ ಯಾವ ಕಾಲದಲ್ಲಿ ಇದು ನಡೆದಿರಬೇಕು, ಅಜ್ಜಿಗೂ ತಮ್ಮನಿಗೂ ಅದೇ ಭೋಂಗಾ ಬೇರೆ ಬೇರೆಯಾಗಿ ಕೇಳಿಸಿದ್ದು ಹೇಗೆ ಎಂಬುದು ಮೂರನೆಯದು. ನಿಂತ ಟ್ರ್ಯಾಕ್ಟರಿನಿಂದ ಕಬ್ಬು ಎಳೆದು ತಿನ್ನುವುದು ಸರಿಯೇ, ಬರೆದವರು ಅದನ್ನು ಸರಿ ಎನ್ನುತ್ತಿದ್ದಾರೆಯೇ ಎಂಬುದು ನಾಲ್ಕನೆಯದು. ಆ ಕೊನೆಯ ಪ್ರಶ್ನೆಗೆ ತರಗತಿ ಎರಡಾಗಿ ಜಗಳಕ್ಕೆ ನಿಲ್ಲುತ್ತದೆ, ನಿಲ್ಲಬೇಕು. ನಮ್ಮ ಪಾಠಗಳ ಹಿಂದಿನ ಅಭ್ಯಾಸಗಳು ಹೆಚ್ಚಾಗಿ ಮೊದಲ ಬಗೆಯಲ್ಲೇ ನಿಲ್ಲುತ್ತವೆ. ಶಿಕ್ಷಕರು ಪ್ರತಿ ಪಾಠಕ್ಕೂ ಉಳಿದ ಮೂರರಿಂದ ಒಂದೊಂದು ಪ್ರಶ್ನೆ ತಾವೇ ಕಟ್ಟಿಕೊಂಡರೆ ಪಾಠದ ಸ್ವರೂಪವೇ ಬದಲಾಗುತ್ತದೆ. ಯಾವ ಉತ್ತರ ಬಂದರೂ ‘ಅದು ನಿನಗ ಹೆಂಗ ಗೊತ್ತಾತು? ಎಲ್ಲಿ ಐತಿ ತೋರಿಸು’ ಎಂದು ಕೇಳುವುದನ್ನು ಬಿಡಬಾರದು. ಸರಿಯಾದ ಉತ್ತರಕ್ಕೂ ಈ ಪ್ರಶ್ನೆ ಬೇಕು.

ಗೊತ್ತಿರುವ ವಿಷಯದ ಓದು ಸುಲಭ ಎಂಬುದಕ್ಕೆ ಗಟ್ಟಿ ಆಧಾರವಿದೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಮಕ್ಕಳಿಗೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಅರಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಕಬ್ಬಿನ ಗದ್ಯಭಾಗವನ್ನು ಬೆಂಗಳೂರಿನ ಮಗುವಿಗೆ ಕೊಟ್ಟರೆ ಆಗುವುದೂ ಅದೇ. ಇದರಿಂದ ಎರಡು ಮಾತು ಹೊರಡುತ್ತವೆ. ಹೊಸ ಓದಿನ ಉಪಾಯವನ್ನು ಕಲಿಸುವಾಗ ಮಗುವಿನ ಊರಿನ ವಿಷಯ ಇರಬೇಕು. ಕಲಿತ ಮೇಲೆ ಮಗುವಿನ ಊರನ್ನು ದಾಟಿದ ವಿಷಯವೂ ಬೇಕು, ಇಲ್ಲದಿದ್ದರೆ ತಿಳಿವಳಿಕೆ ಕಬ್ಬಿನ ಗದ್ದೆಯ ಬದುವಿನಲ್ಲೇ ನಿಲ್ಲುತ್ತದೆ.

ಈ ಎರಡನ್ನೂ ಒಟ್ಟಿಗೆ ಕೊಡುವ ಪಠ್ಯ ಪ್ರತಿ ಮಳೆಗಾಲ ಮನೆಬಾಗಿಲಿಗೆ ಬರುತ್ತದೆ. ಕೃಷ್ಣೆ ಏರಿದಾಗ ಕುಡಚಿ–ಉಗಾರ ಸೇತುವೆ ಮುಳುಗಿದ ಸುದ್ದಿ, ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ಸಾವಿರ ಕ್ಯೂಸೆಕ್ ನೀರು ಬಿಟ್ಟರೆಂಬ ವಿವರ ಪತ್ರಿಕೆಯಲ್ಲಿರುತ್ತದೆ. 2019ರ ಪ್ರವಾಹವನ್ನು ಕಂಡ ಮನೆಗಳ ಮಕ್ಕಳಿಗೆ ‘ಹೊಳಿ ಬಂತು’ ಎಂಬ ಮಾತಿನ ತೂಕ ಗೊತ್ತು. ಕ್ಯೂಸೆಕ್ ಗೊತ್ತಿಲ್ಲ. ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ ನೀರು ಎಂದು ಬಿಡಿಸಿ ಹೇಳಿದರೆ ಸಾವಿರ ಕ್ಯೂಸೆಕ್ ಎಂದರೆ ಏನೆಂದು ಮಗುವಿನ ಕಣ್ಣಿಗೆ ಕಟ್ಟುತ್ತದೆ. ಮಾಹಿತಿ ಬರಹವನ್ನು ಕಥೆಯಂತೆ ಮೊದಲಿನಿಂದ ಕೊನೆಗೆ ಓದಬೇಕಿಲ್ಲ, ತಲೆಬರಹ ನೋಡಿ, ಚಿತ್ರ ನೋಡಿ, ಬೇಕಾದ ಅಂಕಿಯನ್ನು ಹುಡುಕಿ ಓದಬಹುದು ಎಂಬುದನ್ನೂ ಇಲ್ಲಿಯೇ ಕಲಿಸಬಹುದು. ಕೊಯ್ನಾ ಎಲ್ಲಿದೆ, ಅಲ್ಲಿ ಬಿಟ್ಟ ನೀರು ಇಲ್ಲಿಗೆ ಹೇಗೆ ಬರುತ್ತದೆ ಎಂದು ನಕಾಶೆ ತೆರೆಯುವ ಹೊತ್ತಿಗೆ ಮಗು ಊರು ದಾಟಿರುತ್ತದೆ.

ಗುಂಪಿನಲ್ಲಿ ಓದಿಸುವ ಪದ್ಧತಿಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಪ್ಯಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ ಪರಸ್ಪರ ಬೋಧನೆ. ನಾಲ್ವರು ಮಕ್ಕಳ ಗುಂಪಿನಲ್ಲಿ ಒಬ್ಬರು ಮುಂದೇನಾದೀತೆಂದು ಊಹಿಸುತ್ತಾರೆ, ಒಬ್ಬರು ಪ್ರಶ್ನೆ ಕೇಳುತ್ತಾರೆ, ಒಬ್ಬರು ತಿಳಿಯದ ಮಾತನ್ನು ಬಿಡಿಸುತ್ತಾರೆ, ಒಬ್ಬರು ಓದಿದಷ್ಟರ ಸಾರ ಹೇಳುತ್ತಾರೆ. ಪ್ರತಿ ಪರಿಚ್ಛೇದಕ್ಕೂ ಪಾತ್ರ ಬದಲಾಗುತ್ತದೆ. ಹೊರದೇಶದ ಹೆಸರು ಹೊತ್ತಿದ್ದರೂ ಇದರ ಸಾರ ಈ ನೆಲಕ್ಕೆ ಹೊಸದಲ್ಲ. ಕಾಗವಾಡ, ಶೇಡಬಾಳ, ಉಗಾರದ ಜೈನ ಬಸದಿಗಳಲ್ಲಿ ಸ್ವಾಧ್ಯಾಯ ಎಂಬ ಮಾತು ದಿನಬಳಕೆಯದು. ತತ್ತ್ವಾರ್ಥಸೂತ್ರ ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ. ಓದುವುದು ಅವುಗಳಲ್ಲಿ ಒಂದು ಮಾತ್ರ. ತಿಳಿಯದ್ದನ್ನು ಕೇಳುವ ಪೃಚ್ಛನೆ, ಓದಿದ್ದನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವುವ ಅನುಪ್ರೇಕ್ಷೆ, ಶುದ್ಧವಾಗಿ ಪಠಿಸುವ ಆಮ್ನಾಯ, ಇನ್ನೊಬ್ಬರಿಗೆ ಹೇಳುವ ಉಪದೇಶ ಉಳಿದವು. ಶ್ರಾವಣದಲ್ಲಿ ಮಠಗಳಲ್ಲಿ ನಡೆಯುವ ಪುರಾಣದಲ್ಲೂ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಬಾಯಿಪಾಠ ನಮ್ಮ ಪರಂಪರೆ ಎನ್ನುವವರು ಪರಂಪರೆಯ ಐದರಲ್ಲಿ ಒಂದನ್ನು ಹಿಡಿದು ನಾಲ್ಕನ್ನು ಬಿಟ್ಟಿದ್ದಾರೆ.

ನಾಲ್ಕನೆಯ ತರಗತಿಯ ಹೊಸ್ತಿಲಲ್ಲಿ ವಿಶೇಷ ಎಚ್ಚರ ಬೇಕು. ಕರ್ನಾಟಕದಲ್ಲಿ ಮೊದಲ ತರಗತಿಗಳ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿಯನ್ನು ನೋಡಿ ಶುರುವಾಗಿ, 2009–10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಅದರಲ್ಲಿ ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ, ಸಹಪಾಠಿಯ ನೆರವಿನಲ್ಲಿ ಕಲಿಯುತ್ತದೆ. ನಾಲ್ಕಕ್ಕೆ ಬಂದೊಡನೆ ದಪ್ಪ ಪುಸ್ತಕ, ಉದ್ದ ಪಾಠ, ಎಲ್ಲರಿಗೂ ಒಂದೇ ವೇಗ. ಓದಲು ಕಲಿಯುವ ಹಂತ ಮುಗಿದು ಕಲಿಯಲು ಓದುವ ಹಂತ ಬರುವುದೂ ಅಲ್ಲಿಯೇ ಎಂದು ಜೀನ್ ಚಾಲ್ 1983ರಲ್ಲೇ ಗುರುತಿಸಿದ್ದರು. ಆಗ ಅರ್ಥದ ಕೊರತೆ ಭಾಷೆಯ ವಿಷಯಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ‘ಗಾಡಿಯಲ್ಲಿ ಒಟ್ಟು 18 ಟನ್ ಕಬ್ಬಿದೆ, 7 ಟನ್ ಇಳಿಸಿದರೆ ಎಷ್ಟು ಉಳಿಯಿತು’ ಎಂದರೆ ‘ಒಟ್ಟು’ ಕಂಡೊಡನೆ ಕೂಡಿಸಿ 25 ಎನ್ನುವ ಮಗುವಿಗೆ ಗಣಿತ ಬರುವುದಿಲ್ಲ ಎಂದು ಷರಾ ಬರೆಯುವುದು ಅನ್ಯಾಯ. ಅದಕ್ಕೆ ಬಾರದ್ದು ಓದು. ಪ್ರಥಮ್ ಸಂಸ್ಥೆಯ ಜೊತೆ ಸೇರಿ ಸರ್ಕಾರ 4 ಮತ್ತು 5ನೆಯ ತರಗತಿಗಳಿಗೆ ತಂದ ‘ಓದು ಕರ್ನಾಟಕ’ ಮಕ್ಕಳನ್ನು ತರಗತಿಯ ಬದಲು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ಸರಿಯಾದ ಹೆಜ್ಜೆಯನ್ನಿಟ್ಟಿತು. ಕಥೆಯನ್ನು ಸರಾಗವಾಗಿ ಓದುವ ಮಟ್ಟ ಮುಟ್ಟಿದ ಮಗುವಿಗೆ ಅಲ್ಲಿಂದ ಮುಂದಿನ ದಾರಿ ಇನ್ನೂ ಬೇಕು.

ಅಳತೆಯ ವಿಷಯದಲ್ಲೂ ಒಂದು ಮಾತು ಹೇಳಬೇಕು. 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಅಭಿಯಾನ ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿ ಇಟ್ಟಿತು. ಭಾಷೆ ಭಾಷೆಗೂ ಪದದ ಉದ್ದ ಬೇರೆ. ಇಂಗ್ಲಿಷಿನ ಮೂರು ನಾಲ್ಕು ಪದಗಳು ಹಿಡಿಯುವ ಅರ್ಥವನ್ನು ‘ಹೋಗಬೇಕಾಗಿತ್ತು’ ಎಂಬ ಒಂದೇ ಕನ್ನಡ ಪದ ಹೊರುತ್ತದೆ. ಇದನ್ನರಿತೇ ಎನ್‌ಸಿಇಆರ್‌ಟಿ 2022ರ ಬುನಾದಿ ಕಲಿಕೆಯ ಅಧ್ಯಯನದಲ್ಲಿ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಹುಡುಕಿತು. ಎಣಿಸುವುದಕ್ಕೆ ಸುಲಭವಾದ್ದರಿಂದ ‘60 ಪದ’ ಎಲ್ಲರ ಬಾಯಲ್ಲಿ ಉಳಿಯುತ್ತದೆ, ‘ಅರ್ಥಸಹಿತ’ ಎಂಬುದು ಉದುರಿಹೋಗುತ್ತದೆ. ವೇಗ ಬೇಕು, ಏಕೆಂದರೆ ತೀರ ನಿಧಾನವಾಗಿ ಓದಿದರೆ ವಾಕ್ಯದ ತಲೆ ಮರೆತು ಬಾಲ ಉಳಿಯುತ್ತದೆ. ಗಡಿಯಾರ ಹಿಡಿದು ಓದಿಸಿದ ಮೇಲೆ ಪುಸ್ತಕ ಮುಚ್ಚಿಸಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸದಿದ್ದರೆ ಆ ಅಳತೆ ಅರ್ಧವೇ.

ಇಷ್ಟೆಲ್ಲಕ್ಕೂ ಓದಲು ಪುಸ್ತಕ ಬೇಕು. ವರ್ಷಕ್ಕೊಂದು ಪಠ್ಯಪುಸ್ತಕದಿಂದ ಯಾವ ಮಗುವೂ ಓದುಗನಾಗುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾಗಿದೆ. ಸುತ್ತಲಿನ ಹಳ್ಳಿಗಳ ಶಾಲೆಗಳು ವಾರಕ್ಕೊಮ್ಮೆ ಮಕ್ಕಳನ್ನು ಸಾಲುಗಟ್ಟಿ ಅಲ್ಲಿಗೆ ಕರೆದೊಯ್ಯುವುದು ಕಷ್ಟವಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಯ ಜೊತೆ ಬೇರೆ ಊರುಗಳಿಂದ ಬಂದು ಗುಡಿಸಲಲ್ಲಿ ಉಳಿಯುವ ಮಕ್ಕಳಿಗೂ ಆ ಬಾಗಿಲು ತೆರೆದಿರಬೇಕು. ಶಾಲೆ ತಪ್ಪಿದ ಆ ತಿಂಗಳುಗಳಲ್ಲಿ ಅವರ ಓದು ಇದ್ದಲ್ಲಿಯೂ ನಿಲ್ಲದೆ ಹಿಂದಕ್ಕೆ ಜಾರುತ್ತದೆ.

ಮನೆಯವರಿಗೂ ಇಲ್ಲಿ ಪಾಲಿದೆ. ಸಂಜೆ ಮಗು ಪುಸ್ತಕ ಹಿಡಿದು ಕೂತಾಗ ‘ಜೋರಾಗಿ ಓದು’ ಎನ್ನುವುದು ವಾಡಿಕೆ. ದನಿ ಕೇಳಿದರೆ ಓದು ನಡೆದಿದೆ ಎಂಬ ಸಮಾಧಾನ. ಅದರ ಬದಲು ರೊಟ್ಟಿ ಬಡಿಯುತ್ತಲೇ ‘ಇವತ್ತ ಏನ ಓದೀದಿ? ನನಗೂ ಒಂಚೂರ ಹೇಳು. ಮುಂದ ಏನಾತು? ಯಾಕ ಹಂಗ ಮಾಡಿದ?’ ಎಂದು ಕೇಳಿ, ಹೇಳಿ ಮುಗಿಸುವವರೆಗೆ ಕಿವಿಗೊಡಲಿ. ಅಕ್ಷರ ಬಾರದ ಅವ್ವನೂ ಅಜ್ಜಿಯೂ ಇದನ್ನು ಕೇಳಬಹುದು. ಇವತ್ತಿನ ಸಂಜೆಯಿಂದಲೇ ಕೇಳಿ.